ಉಪ್ಪಿನ ಆಗರದ ಊರಿನಲ್ಲಿ ದಿನದಿನದ ಬೆಳಕು

ವಡಾಲ ಎಂದೊಡನೆ ನಮ್ಮ ಮುಂಬಯಿ ಕನ್ನಡಿಗರ ಕಣ್ಣಮುಂದೆ ಬರುವುದು ಎನ್.ಕೆ.ಇ.ಎಸ್. ಶಾಲೆ, ಆಷಾಢ ಏಕಾದಶಿಗೆ ಜನ ಕಿಕ್ಕಿರಿಯುವ ವಿಠ್ಠಲ ಮಂದಿರ, ಹಾರ್ಬರ್ ಲೈನಿನ ಗಾಡಿಗಳು. ಇಲ್ಲಿನ ಉಪ್ಪಿನ ಆಗರಗಳನ್ನು ನೆನೆಯುವವರು ಕಡಿಮೆ. 1930ರ ಜೂನ್ 1ರಂದು ಸುಮಾರು 15,000 ಜನ ಈ ಆಗರಗಳಿಗೆ ನುಗ್ಗಿ ಉಪ್ಪು ಬಾಚಿಕೊಂಡಿದ್ದರು. ಆ ಸತ್ಯಾಗ್ರಹಕ್ಕೆ ಕರೆಕೊಟ್ಟ ಗಾಂಧೀಜಿಯವರಿಗೆ ಬೈಬಲಿನಲ್ಲಿ ನೇರವಾಗಿ ಹೃದಯಕ್ಕೆ ತಟ್ಟಿದ್ದು ಯೇಸುಸ್ವಾಮಿಯ ಪರ್ವತ ಪ್ರಸಂಗ. ಅದನ್ನು ಅವರು ಆತ್ಮಕಥೆಯಲ್ಲೇ ಹೇಳಿಕೊಂಡಿದ್ದಾರೆ. ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಬರುವ ಆ ಪ್ರಸಂಗದಲ್ಲಿ ಯೇಸುಸ್ವಾಮಿ ತಮ್ಮ ಶಿಷ್ಯರನ್ನು ಎರಡು ವಸ್ತುಗಳಿಗೆ ಹೋಲಿಸುತ್ತಾರೆ. ಒಂದು ಉಪ್ಪು, ಇನ್ನೊಂದು ದೀಪ. ಎರಡೂ ಬಡವನ ಮನೆಯಲ್ಲೂ ಇರುವಂಥವು.

ನಮ್ಮ ಸಂಘದ ಕ್ರೈಸ್ತ ಮನೆಗಳ ಹುಡುಗ ಹುಡುಗಿಯರು ಆಗಾಗ ಒಂದು ಪ್ರಶ್ನೆ ಎತ್ತುತ್ತಾರೆ. ಮೂರು ದಿನದ ಧ್ಯಾನಕೂಟಕ್ಕೆ ಹೋದರೆ ಮನಸ್ಸು ತುಂಬಿ ಬರುತ್ತದೆ, ಕಣ್ಣು ಒದ್ದೆಯಾಗುತ್ತದೆ. ಸೋಮವಾರ ಬೆಳಿಗ್ಗೆ ಸಿ.ಎಸ್.ಎಂ.ಟಿ. ಗಾಡಿಯಲ್ಲಿ ಯಾರದೋ ಮೊಣಕೈ ಪಕ್ಕೆಗೆ ತಾಗಿದೊಡನೆ ಎಲ್ಲ ಆರಿಹೋಗುತ್ತದೆ. ಹಾಗಾದರೆ ಆ ಬೆಳಕು ಸುಳ್ಳೇ?

ಸುಳ್ಳಲ್ಲ. ಆದರೆ ಮದುವೆಯೂಟವನ್ನೇ ನಂಬಿಕೊಂಡು ವರ್ಷ ಕಳೆಯಲಾಗದು. ಅನುದಿನದ ಆಹಾರಕ್ಕಾಗಿ ಬೇಡಿಕೊಳ್ಳಲು ಕಲಿಸಿದ ಗುರು ವಾರಕ್ಕಾಗುವಷ್ಟನ್ನು ಒಮ್ಮೆಗೇ ಕೇಳಿಕೊಳ್ಳಿ ಎನ್ನಲಿಲ್ಲ.

ಆಗರದಲ್ಲಿ ಉಪ್ಪು ಹೇಗಾಗುತ್ತದೆ ಗೊತ್ತೇ? ಭರತದ ನೀರನ್ನು ಒಳಗೆ ಬಿಟ್ಟು, ಬದು ಕಟ್ಟಿ, ತೆಳ್ಳಗೆ ಹರಡಿ ನಿಲ್ಲಿಸುತ್ತಾರೆ. ಉಳಿದ ಕೆಲಸ ಬಿಸಿಲು ಗಾಳಿಗಳದ್ದು. ಪಕ್ಕದಲ್ಲಿ ಕುಳಿತು ನೋಡಿದರೆ ಏನೂ ಆಗುತ್ತಿಲ್ಲ ಎನಿಸುತ್ತದೆ. ದಿನಗಳು ಕಳೆದ ಮೇಲೆ ಅಂಚಿನಲ್ಲಿ ಬಿಳಿ ಹರಳು ಕಾಣಿಸಿಕೊಳ್ಳುತ್ತದೆ. ಬದು ಒಡೆದರೆ ಮಾತ್ರ ಎಲ್ಲ ಹಾಳು. ಆತ್ಮಿಕ ಬೆಳವಣಿಗೆಯಲ್ಲೂ ನಮ್ಮ ಪಾಲಿಗೆ ಬರುವ ಕೆಲಸ ಹೆಚ್ಚಿನದಲ್ಲ: ಬದು ಕಾಯುವುದು, ಅಂದರೆ ದಿನಕ್ಕೆ ಒಂದಿಷ್ಟು ಹೊತ್ತನ್ನು ಹರಿದುಹೋಗಲು ಬಿಡದೆ ಉಳಿಸಿಕೊಳ್ಳುವುದು.

ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಿ ಎಂದು ಅದೇ ಪ್ರಸಂಗ ಹೇಳುತ್ತದೆ. ಒಂದು ಖೋಲಿ, ಒಂದು ಅಡಿಗೆಮನೆ, ಆರು ಜನ, ಮೂಲೆಯಲ್ಲಿ ಟಿ.ವಿ. ಇರುವಲ್ಲಿ ಮುಚ್ಚಲು ಬಾಗಿಲೆಲ್ಲಿ ಎಂದು ನೀವು ನಗಬಹುದು. 17ನೇ ಶತಮಾನದ ಪ್ಯಾರಿಸ್ಸಿನಲ್ಲಿ ಬ್ರದರ್ ಲಾರೆನ್ಸ್ ಎಂಬ ಸನ್ಯಾಸಿಯೊಬ್ಬರಿದ್ದರು. ಮಠದ ಅಡಿಗೆಮನೆ ಅವರ ಪಾಲಿಗೆ ಬಂದಿತ್ತು. ಪಾತ್ರೆಗಳ ಸದ್ದಿನ ನಡುವೆಯೇ ದೇವರ ಸನ್ನಿಧಿಯಲ್ಲಿರುವುದನ್ನು ಅವರು ರೂಢಿ ಮಾಡಿಕೊಂಡರು. 1691ರಲ್ಲಿ ತೀರಿಕೊಂಡ ಆ ಅಡಿಗೆಯವರ ಪತ್ರಗಳನ್ನೂ ಮಾತುಗಳನ್ನೂ ಜಗತ್ತು ಇಂದಿಗೂ ಓದುತ್ತಿದೆ. ಇನ್ನೊಂದು ದಾರಿ ಸಂತ ಇಗ್ನೇಷಿಯಸ್ ಲೊಯೋಲಾರದ್ದು: ಮಲಗುವ ಮುಂಚೆ ಆ ದಿನವನ್ನು ಬೆಳಗಿನಿಂದ ಒಮ್ಮೆ ತಿರುವಿಹಾಕುವುದು. ಎಲ್ಲಿ ಕೃತಜ್ಞತೆ ಹೇಳಬೇಕು, ಎಲ್ಲಿ ಎಡವಿದೆ, ನಾಳೆ ಏನು. ಐದು ನಿಮಿಷ ಸಾಕು. ಇದಕ್ಕೆ ಮುಚ್ಚಿದ ಬಾಗಿಲು ಬೇಡ, ಮುಚ್ಚಿದ ಕಣ್ಣು ಸಾಕು. ಗಾಡಿಯಲ್ಲಿ ಹೇಗೂ ಎಲ್ಲರೂ ಕಣ್ಣು ಮುಚ್ಚಿಯೇ ಇರುತ್ತಾರೆ!

ಇನ್ನು ಭಾಷೆಯ ಮಾತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿದ್ದು ವರ್ಷಗಟ್ಟಲೆ ದುಡಿದ ಫಲವಾಗಿ 1831ರಲ್ಲಿ ಸಂಪೂರ್ಣ ಕನ್ನಡ ಬೈಬಲ್ ಹೊರಬಂತು. ನಿಮ್ಮ ಅಜ್ಜಂದಿರು ಕರಾವಳಿಯಿಂದಲೋ ಬೀದರ್ ಕಡೆಯಿಂದಲೋ ಮುಂಬಯಿಗೆ ಬಂದಾಗ ಟ್ರಂಕಿನಲ್ಲಿ ಬಟ್ಟೆಗಳ ನಡುವೆ ಸತ್ಯವೇದವೂ ಗೀತಪುಸ್ತಕವೂ ಇರುತ್ತಿದ್ದವು. ರಾತ್ರಿ ಊಟಕ್ಕೆ ಮುಂಚೆ ಕುಟುಂಬ ಪ್ರಾರ್ಥನೆ ತಪ್ಪುತ್ತಿರಲಿಲ್ಲ. ಈಗ ಅನೇಕ ಮನೆಗಳಲ್ಲಿ ಅಜ್ಜಿ ಕನ್ನಡದಲ್ಲಿ ಪ್ರಾರ್ಥಿಸುತ್ತಾರೆ, ಮೊಮ್ಮಕ್ಕಳು ಕೊನೆಯಲ್ಲಿ 'ಆಮೆನ್' ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಪ್ರಾರ್ಥಿಸಿದರೆ ದೇವರಿಗೆ ಕೇಳಿಸದೇ ಎಂದು ಕೇಳುತ್ತೀರಿ. ದೇವರಿಗೆ ಕೇಳಿಸುತ್ತದೆ, ಅಜ್ಜಿಗೆ ಕೇಳಿಸುವುದಿಲ್ಲ. ಗಂಡನ ಗಿರಣಿ ಮುಚ್ಚಿದಾಗ, ಮಗು ಕಾಯಿಲೆ ಬಿದ್ದಾಗ ಅವರು ಯಾವ ಮಾತನ್ನು ಹಿಡಿದುಕೊಂಡು ನಿಂತರೋ ಆ ಮಾತು ನಿಮ್ಮ ಕೈಗೆ ಬಾರದೆ ಅವರೊಂದಿಗೇ ಹೋಗುತ್ತದೆ. ನನ್ನ ಮಟ್ಟಿಗೆ ನಷ್ಟ ಅದೇ.

ಉಪಾಯ ಕಷ್ಟದ್ದಲ್ಲ. ಕೀರ್ತನೆಗಳು 150. ರಾತ್ರಿಗೊಂದರಂತೆ ಗಟ್ಟಿಯಾಗಿ ಓದಿದರೆ ಐದು ತಿಂಗಳು. ಒತ್ತಕ್ಷರ ತೊಡರಿದರೆ 117ನೆಯದರಿಂದ ಶುರುಮಾಡಿ, ಅದರಲ್ಲಿರುವುದು ಎರಡೇ ವಚನ. ತಪ್ಪಿದಲ್ಲಿ ಅಜ್ಜಿ ತಿದ್ದಲಿ. ತಿದ್ದುವ ನೆಪದಲ್ಲಿ ಅವರು ಹಳೆಯ ಕಥೆಯೊಂದನ್ನು ತೆಗೆದರೆ ಪುಸ್ತಕ ಮುಚ್ಚಿ ಅದನ್ನೇ ಕೇಳಿ.

ಕನ್ನಡಿಗರಾಗಿರುವುದಕ್ಕೂ ಕ್ರೈಸ್ತರಾಗಿರುವುದಕ್ಕೂ ಎಂದೂ ವಿರೋಧವಿರಲಿಲ್ಲ. ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿದ್ದ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ವಚನಗಳನ್ನು ಊರೂರಿನಿಂದ ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1834ರಲ್ಲಿ ಮಂಗಳೂರಿಗೆ ಬಂದ ಅದೇ ಮಿಷನ್ ಮುಂದೆ ನೇಯ್ಗೆಯನ್ನೂ, 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ಆರಂಭಿಸಿತು. ದೀಕ್ಷಾಸ್ನಾನ ಪಡೆದವರು ಮನೆ, ಕಸುಬು ಎರಡನ್ನೂ ಕಳೆದುಕೊಳ್ಳುತ್ತಿದ್ದರು, ಅವರಿಗೆ ದುಡಿಮೆ ಬೇಕಿತ್ತು. ನೆಟ್ಟಗೆ ಕುಳಿತ ಹಂಚೂ ಒಂದು ಸಾಕ್ಷಿಯೇ. ಶರಣರ ಕಾಯಕದ ಮಾತು ಕೇಳಿ ಬೆಳೆದ ನಾಡಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಫೀಸಿನಲ್ಲಿ ನೀವು ಬರೆದಿಡುವ ಲೆಕ್ಕವೂ ಅಂಥದ್ದೇ.

ವಡಾಲದಲ್ಲೇ ಆಕ್ವರ್ತ್ ಕುಷ್ಠರೋಗ ಆಸ್ಪತ್ರೆಯಿದೆ. ಮುನಿಸಿಪಲ್ ಕಮಿಷನರ್ ಆಗಿದ್ದ ಆಕ್ವರ್ತ್ ಅದನ್ನು 1890ರಲ್ಲಿ ಬೀದಿಪಾಲಾದ ರೋಗಿಗಳಿಗಾಗಿ ತೆರೆಸಿದರು. ಆಗ ಈ ರೋಗಕ್ಕೆ ಮದ್ದಿರಲಿಲ್ಲ. ಇಂದು ಆರು ತಿಂಗಳಿಂದ ಒಂದು ವರ್ಷದ ಔಷಧದಲ್ಲಿ ಗುಣವಾಗುತ್ತದೆ. ಆದರೂ ಗುಣವಾದವರನ್ನು ಮನೆಯವರು ಒಳಗೆ ಕರೆಯಲು ಹಿಂದೆಗೆಯುವುದುಂಟು. ಪರ್ವತದಿಂದ ಇಳಿದ ಯೇಸುಸ್ವಾಮಿಯ ಎದುರಿಗೆ ಮೊದಲು ಬಂದವನು ಒಬ್ಬ ಕುಷ್ಠರೋಗಿ, ಅವರು ಕೈಚಾಚಿ ಅವನನ್ನು ಮುಟ್ಟಿದರು ಎಂದು ಮತ್ತಾಯ ಬರೆಯುತ್ತಾನೆ. ನಿಮ್ಮ ಯುವಕೂಟ ಅಂಥಲ್ಲಿಗೆ ಹೋಗುವುದಾದರೆ ಮೊದಲು ಅನುಮತಿ ಕೇಳಿ ಹೋಗಿ. ಬ್ಯಾನರ್, ಕ್ಯಾಮೆರಾ ಎರಡನ್ನೂ ಮನೆಯಲ್ಲಿಟ್ಟು ಹೋಗಿ.

ಅದಕ್ಕಿಂತ ಕಠಿಣವಾದದ್ದು ಮನೆಯ ಹತ್ತಿರವೇ ಇದೆ. ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಬೇಸರವಿರುವುದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗು ಎಂದು ಆ 5ನೇ ಅಧ್ಯಾಯವೇ ಹೇಳುತ್ತದೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಊರಿನ ಆಸ್ತಿಯ ಪಾಲಿನಿಂದಾಗಿ ಅಣ್ಣತಮ್ಮಂದಿರು ಮಾತು ಬಿಟ್ಟು ಹತ್ತು ಹದಿನೈದು ವರ್ಷಗಳಾಗಿವೆ. ರವಿವಾರ ಇಬ್ಬರೂ ಬೇರೆಬೇರೆ ಬೆಂಚಿನಲ್ಲಿ ಕುಳಿತು ಅದೇ ಗೀತೆ ಹಾಡುತ್ತಾರೆ. ಅಪ್ಪನಿಗೆ ದೊಡ್ಡಪ್ಪನನ್ನು ಮಾತಾಡಿಸುವ ಧೈರ್ಯ ಬಾರದಿದ್ದರೆ ಮಗಳು ಮಾತಾಡಿಸಬಹುದು. ಈ ಕ್ರಿಸ್‌ಮಸ್ಸಿಗೆ ಕುಸ್ವಾರಿನ ಡಬ್ಬಿ ಹಿಡಿದು ಹೋದರೆ ಬಾಗಿಲು ತೆರೆಯದಿರುವಷ್ಟು ಗಟ್ಟಿಮನಸ್ಸಿನ ದೊಡ್ಡಮ್ಮಂದಿರು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ.