ಕಟಬಾಯಿ ಹುಣ್ಣು: ಕಾರಣವೇನು, ಪರಿಹಾರವೇನು?



ಊಟಕ್ಕೆ ಕುಳಿತ ಮಗು ಮೊದಲ ತುತ್ತಿಗೇ ಬಾಯಿ ತೆರೆಯಲಾರದೆ ಅಳುವುದನ್ನು ನೀವು ನೋಡಿರಬಹುದು. ಹತ್ತಿರ ಕರೆದು ನೋಡಿದರೆ, ಎರಡು ತುಟಿಗಳು ಕೂಡುವ ಮೂಲೆಯಲ್ಲಿ ಚರ್ಮ ಕೆಂಪಾಗಿ ಬಿರುಕು ಬಿಟ್ಟಿರುತ್ತದೆ. ಕೆಲವರಲ್ಲಿ ಅದು ನೀರಿನಲ್ಲಿ ನೆನೆದಂತೆ ಬಿಳಿಚಿಕೊಂಡಿರುತ್ತದೆ. ಒಣಗಿದರೆ ಹಕ್ಕಳೆ ಕಟ್ಟುತ್ತದೆ. ಆಕಳಿಸಿದರೆ ಮತ್ತೆ ಒಡೆದು ರಕ್ತ ಜಿನುಗುತ್ತದೆ. ಸಾರಿನ ಉಪ್ಪು ಖಾರ ತಾಗಿದರೆ ಉರಿ ತಡೆಯಲಾಗದು. ಇದೇ ಕಟಬಾಯಿ ಹುಣ್ಣು.

"ಮೈಗೆ ಉಷ್ಣವಾಗಿದೆ, ತಾನಾಗಿ ಹೋಗುತ್ತದೆ" ಎಂದು ಇದನ್ನು ಬಿಟ್ಟುಬಿಡುವುದು ನಮ್ಮ ವಾಡಿಕೆ. ಆದರೆ ನಿಮ್ಮ ಹೊಲದ ಪೈರಿನ ಎಲೆ ಹಳದಿಯಾದರೆ ನೀವು ಸುಮ್ಮನಿರುತ್ತೀರಾ? ನೆಲದಲ್ಲಿ ಸಾರ ಕಡಿಮೆಯಾಗಿದೆಯೋ, ಬೇರಿನಲ್ಲಿ ನೀರು ನಿಂತಿದೆಯೋ, ರೋಗ ತಗುಲಿದೆಯೋ ಎಂದು ವಿಚಾರಿಸುತ್ತೀರಿ. ಹಳದಿ ಒಂದೇ, ಕಾರಣ ಹಲವು. ಕಟಬಾಯಿ ಹುಣ್ಣೂ ಹಾಗೆಯೇ. ಕಾರಣ ತಿಳಿದರೆ ಮಾತ್ರ ಅದು ಗುಣವಾಗುತ್ತದೆ. ಇಲ್ಲದಿದ್ದರೆ ಮಾಯ್ದ ಹುಣ್ಣು ತಿಂಗಳು ಕಳೆಯುವುದರೊಳಗೆ ಮತ್ತೆ ಬರುತ್ತದೆ.

ಜೊಲ್ಲು ನಿಂತ ಕಡೆ ಹುಣ್ಣು

ಬಾಯಿಯ ಮೂಲೆಯಲ್ಲಿ ಜೊಲ್ಲು ನಿಂತರೆ ಅಲ್ಲಿಯ ಚರ್ಮ ನೆನೆದು ಮೆತ್ತಗಾಗಿ ಸೀಳುತ್ತದೆ. ಆ ಸೀಳಿನಲ್ಲಿ ಕ್ಯಾಂಡಿಡಾ ಎಂಬ ಬೂಜುಜಾತಿಯ ಸೂಕ್ಷ್ಮಜೀವಿಯಾಗಲಿ, ಕೀವು ಮಾಡುವ ಬ್ಯಾಕ್ಟೀರಿಯಾಗಳಾಗಲಿ, ಅನೇಕ ವೇಳೆ ಎರಡೂ ಸೇರಿಯಾಗಲಿ ನೆಲೆಮಾಡುತ್ತವೆ.

ಮಕ್ಕಳು ಚಳಿಗಾಲದಲ್ಲಿ ತುಟಿ ಒಣಗಿತೆಂದು ಪದೇ ಪದೇ ನಾಲಗೆಯಿಂದ ಸವರಿಕೊಳ್ಳುತ್ತಾರೆ, ಬೆರಳು ಚೀಪುತ್ತಾರೆ. ಸವರಿದಷ್ಟೂ ತುಟಿ ಒಡೆಯುತ್ತದೆ. ಎಲೆ ಅಡಿಕೆ, ಹೊಗೆಸೊಪ್ಪು ಹಾಕುವವರಲ್ಲಿ ರಸ ಬಾಯಿಯ ಮೂಲೆಗೆ ಹರಿದು ಸುಡುತ್ತದೆ. ವಯಸ್ಸಾದವರಲ್ಲಿ ಹಲ್ಲು ಬಿದ್ದುಹೋದಾಗ ಕೆನ್ನೆ ಒಳಸರಿದು, ಕಟಬಾಯಿಯಲ್ಲಿ ಮಡಿಕೆ ಬೀಳುತ್ತದೆ. ಹೊಲದ ತಗ್ಗಿನಲ್ಲಿ ನೀರು ನಿಲ್ಲುವಂತೆ ಆ ಮಡಿಕೆಯಲ್ಲಿ ಜೊಲ್ಲು ನಿಲ್ಲುತ್ತದೆ. ಕಟ್ಟಿಸಿದ ಹಲ್ಲಿನ ಸೆಟ್ಟು ಸವೆದಿದ್ದರೂ, ರಾತ್ರಿಯೆಲ್ಲ ಅದನ್ನು ಬಾಯಲ್ಲೇ ಇಟ್ಟುಕೊಂಡು ಮಲಗಿದರೂ ಹೀಗಾಗುವುದುಂಟು. ಸಕ್ಕರೆ ಕಾಯಿಲೆ ಇರುವವರಿಗೆ ಬೂಜಿನ ಸೋಂಕು ಸುಲಭವಾಗಿ ಹತ್ತುತ್ತದೆ.

ಊಟದ ಕೊರತೆಯಿಂದ ಬರುವ ಹುಣ್ಣು

ಎರಡನೆಯ ಕಾರಣ ತಟ್ಟೆಯಲ್ಲಿದೆ. ರಿಬೋಫ್ಲೇವಿನ್ ಎಂಬ ಬಿ-2 ಜೀವಸತ್ವ ಕಡಿಮೆಯಾದರೆ ಕಟಬಾಯಿ ಒಡೆಯುತ್ತದೆ. ನೀಲಗಿರಿಯ ಕೂನೂರಿನ ಪೋಷಣ ಸಂಶೋಧನಾಲಯದಲ್ಲಿದ್ದ ಡಾ. ಆಯ್ಕ್ರಾಯ್ಡ್ ಮತ್ತು ಅವರ ಸಹೋದ್ಯೋಗಿ 1936ರಲ್ಲಿಯೇ ದಕ್ಷಿಣ ಭಾರತದ ಬಾಯಿಹುಣ್ಣಿಗೂ ಬಿ-2 ಕೊರತೆಗೂ ಇರುವ ಸಂಬಂಧವನ್ನು ಬರೆದು ತಿಳಿಸಿದ್ದರು. ಅಮೆರಿಕದಲ್ಲಿ ಸೆಬ್ರೆಲ್ ಮತ್ತು ಬಟ್ಲರ್ ಎಂಬ ವೈದ್ಯರು 1938ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಈ ಸತ್ವ ಬಹಳ ಕಡಿಮೆಯಿರುವ ಆಹಾರ ತಿಂದ 18 ಮಂದಿ ಹೆಂಗಸರಲ್ಲಿ 10 ಮಂದಿಗೆ ಕೆಲವು ತಿಂಗಳಲ್ಲಿ ಕಟಬಾಯಿ ಒಡೆಯಿತು. ರಿಬೋಫ್ಲೇವಿನ್ ಕೊಟ್ಟಾಗ ವಾಸಿಯಾಯಿತು.

ಇದೊಂದೇ ಅಲ್ಲ. ರಕ್ತಕ್ಕೆ ಬೇಕಾದ ಕಬ್ಬಿಣದ ಅಂಶ, ಫೋಲಿಕ್ ಆಮ್ಲ, ಬಿ-12 ಜೀವಸತ್ವ ಕಡಿಮೆಯಾದರೂ ಇದೇ ಹುಣ್ಣು ಕಾಣಿಸಿಕೊಳ್ಳುತ್ತದೆ. ಹುಣ್ಣಿನ ಜೊತೆಗೆ ನಾಲಗೆ ನುಣುಪಾಗಿ ಉರಿಯುತ್ತಿದ್ದರೆ, ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಂಡಿದ್ದರೆ, ಸ್ವಲ್ಪ ದುಡಿದರೂ ಆಯಾಸವಾಗುತ್ತಿದ್ದರೆ ರಕ್ತಹೀನತೆಯನ್ನು ಅನುಮಾನಿಸಬೇಕು. ಬರಿಗಾಲಲ್ಲಿ ಓಡಾಡುವವರ ಪಾದದ ಮೂಲಕ ಒಳಹೊಗುವ ಕೊಕ್ಕೆಹುಳು ಕರುಳಿನಲ್ಲಿ ರಕ್ತ ಹೀರುವುದೂ ರಕ್ತಹೀನತೆಗೆ ಕಾರಣವಾಗುತ್ತದೆ.

ಮನೆಯಲ್ಲಿ ಯಾರ ಬಾಯಿ ಒಡೆದಿದೆ ಎಂಬುದನ್ನೂ ನೋಡಿರಿ. ಬೆಳೆಯುವ ಮಕ್ಕಳು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಹೆಚ್ಚಾಗಿ ಈ ಕೊರತೆಗೆ ಒಳಗಾಗುತ್ತಾರೆ. ಎಲ್ಲರಿಗೂ ಬಡಿಸಿ, ಕಡೆಯಲ್ಲಿ ಉಳಿದ ಮುದ್ದೆಗೆ ತಿಳಿಸಾರು ಹಾಕಿಕೊಂಡು ಏಳುವ ಗೃಹಿಣಿಗೆ ಸತ್ವ ಎಲ್ಲಿಂದ ಬರಬೇಕು?

ಈಗ ಮಾಡಬೇಕಾದುದು

1. ಹುಣ್ಣನ್ನು ಬೆಚ್ಚಗಿನ ನೀರಿನಿಂದ ಮೆಲ್ಲನೆ ತೊಳೆದು, ಶುಚಿಯಾದ ಬಟ್ಟೆಯಿಂದ ಒತ್ತಿ ಒಣಗಿಸಿರಿ. ಮೇಲೆ ತೆಳುವಾಗಿ ವ್ಯಾಸಲೀನ್ ಹಚ್ಚಿರಿ. ಇದು ಜೊಲ್ಲು ತಾಗದಂತೆ ತಡೆಯುತ್ತದೆ. ಊಟವಾದ ಮೇಲೂ ಮಲಗುವಾಗಲೂ ಹೀಗೆ ಮಾಡಿರಿ.

2. ಹಕ್ಕಳೆ ಕೀಳಬಾರದು. ನಾಲಗೆಯಿಂದ ಸವರಬಾರದು. ಸುಣ್ಣ, ಬೂದಿ ಮುಂತಾದುವನ್ನು ಹಚ್ಚಲೇಬಾರದು. ಅವು ಚರ್ಮವನ್ನು ಇನ್ನಷ್ಟು ಸುಡುತ್ತವೆ.

3. ವಾಸಿಯಾಗುವವರೆಗೆ ಆ ವ್ಯಕ್ತಿಯ ಟವೆಲು, ಲೋಟ ಬೇರೆಯಾಗಿರಲಿ.

4. ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದು, ಉಜ್ಜಿ ತೊಳೆದು, ನೀರಿನಲ್ಲಿ ಹಾಕಿಡಿ. ಸಡಿಲವಾಗಿದ್ದರೆ ಸರಿಮಾಡಿಸಿರಿ.

5. ಕಂಡ ಮುಲಾಮನ್ನು ಅಂಗಡಿಯಿಂದ ತಂದು ಹಚ್ಚಬೇಡಿ. ಬೂಜಿನ ಸೋಂಕಿಗೆ ಒಂದು ಮುಲಾಮು, ಬ್ಯಾಕ್ಟೀರಿಯಾಕ್ಕೆ ಇನ್ನೊಂದು. ಯಾವುದು ಬೇಕೆಂದು ವೈದ್ಯರು ನೋಡಿ ಹೇಳಬೇಕು. ಸ್ಟೀರಾಯ್ಡ್ ಬೆರೆತ ಮುಲಾಮುಗಳಿಂದ ಎರಡು ದಿನ ಉರಿ ಶಮನವಾದಂತೆ ಕಂಡರೂ, ವೈದ್ಯರ ಸಲಹೆಯಿಲ್ಲದೆ ಹಚ್ಚುತ್ತ ಹೋದರೆ ಚರ್ಮ ತೆಳುವಾಗಿ ಸೋಂಕು ಬೆಳೆಯುತ್ತದೆ.

6. ಕೊರತೆಯಿದ್ದರೆ ವೈದ್ಯರು ಬಿ-ಕಾಂಪ್ಲೆಕ್ಸ್ ಮಾತ್ರೆ ಕೊಡುತ್ತಾರೆ. ಅದನ್ನು ನುಂಗಿದಾಗ ಮೂತ್ರ ಗಾಢ ಹಳದಿಯಾಗುತ್ತದೆ. ಅದು ರಿಬೋಫ್ಲೇವಿನ್ನಿನ ಬಣ್ಣ; ಹೆದರಬೇಕಾಗಿಲ್ಲ. ಗರ್ಭಿಣಿಯರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುವ ಕಬ್ಬಿಣಾಂಶದ ಮಾತ್ರೆಯನ್ನು ಬಿಡದೆ ಸೇವಿಸಬೇಕು.

ತಟ್ಟೆಯಲ್ಲಿ ಏನಿರಬೇಕು?

ಇದಕ್ಕೆ ಪೇಟೆಯ ಡಬ್ಬಿ ಪದಾರ್ಥಗಳು ಬೇಕಿಲ್ಲ. ಹಾಲು, ಮೊಸರು, ಮೊಟ್ಟೆ, ಈಲಿ (ಪಿತ್ತಜನಕಾಂಗ), ಹಸಿರು ಸೊಪ್ಪು, ಬೇಳೆಕಾಳುಗಳಲ್ಲಿ ಬಿ-2 ಇದೆ. ನುಣ್ಣಗೆ ಪಾಲಿಷ್ ಮಾಡಿದ ಅಕ್ಕಿಗಿಂತ ರಾಗಿಯಲ್ಲಿ ಅದು ಹೆಚ್ಚು. ಕಾಳನ್ನು ಮೊಳಕೆ ಬರಿಸಿದರೆ ಇನ್ನೂ ಹೆಚ್ಚುತ್ತದೆ. ಬಿ-12 ಮಾತ್ರ ಸೊಪ್ಪು ಕಾಳಿನಲ್ಲಿ ಸಿಗುವುದಿಲ್ಲ. ಮಾಂಸ ಮೀನು ತಿನ್ನದವರು ಹಾಲು ಮೊಸರನ್ನು ದಿನವೂ ತಪ್ಪಿಸಬಾರದು.

ಈ ಸತ್ವ ನೀರಿನಲ್ಲಿ ಕರಗಿ ಹೋಗುವಂಥದು. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಿದರೆ ಸತ್ವವನ್ನೂ ಚೆಲ್ಲಿದಂತೆ. ಸೊಪ್ಪು ಕಾಳು ಬೇಯಿಸಿ ಬಸಿದ ಕಟ್ಟಿನಿಂದಲೇ ಸಾರು ಮಾಡುವ ನಮ್ಮ ಬಸ್ಸಾರಿನ ಪದ್ಧತಿ ಬಹಳ ಒಳ್ಳೆಯದು. ಕಾಳು ಬೇಗ ಬೇಯಲೆಂದು ಅಡುಗೆ ಸೋಡಾ ಹಾಕಬೇಡಿ. ಅದು ಜೀವಸತ್ವವನ್ನು ಕೆಡಿಸುತ್ತದೆ. ಬೆಳಕೂ ಬಿ-2 ಸತ್ವಕ್ಕೆ ಶತ್ರು. ಹಾಲನ್ನು ಗಾಜಿನ ಸೀಸೆಯಲ್ಲಿ ಬಿಸಿಲಿಗೆ ಇಡದೆ, ಮುಚ್ಚಿದ ಪಾತ್ರೆಯಲ್ಲಿ ನೆರಳಿನಲ್ಲಿಡಿ. ಸೊಪ್ಪಿನ ಊಟದ ಜೊತೆಗೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಹಿಂದೆಯೇ ಕಾಫಿ ಟೀ ಕುಡಿದರೆ ಹತ್ತುವುದು ಕಡಿಮೆಯಾಗುತ್ತದೆ.

ಯಾವಾಗ ವೈದ್ಯರ ಬಳಿಗೆ ಹೋಗಬೇಕು?

ಎರಡು ವಾರದಲ್ಲಿ ಹುಣ್ಣು ಮಾಯದಿದ್ದರೆ, ಪದೇ ಪದೇ ಬರುತ್ತಿದ್ದರೆ, ಕೀವು ಅಥವಾ ಜ್ವರ ಬಂದರೆ, ಬಾಯೊಳಗೆ ಬಿಳಿ ಪದರ ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ರಕ್ತದ ಹಿಮೋಗ್ಲೋಬಿನ್ ಮತ್ತು ಸಕ್ಕರೆಯ ಪರೀಕ್ಷೆ ಮಾಡಿಸಿಕೊಳ್ಳಿ. ಗರ್ಭಿಣಿಯರಲ್ಲಿ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರಿಗೆ 11 ಗ್ರಾಮಿಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಹೊಗೆಸೊಪ್ಪು, ಬೀಡಿ, ಗುಟ್ಕಾ ಅಭ್ಯಾಸವಿರುವವರಿಗೆ ಒಂದೇ ಕಡೆ ಗಟ್ಟಿಯಾದ, ಮಾಯದ ಹುಣ್ಣಿದ್ದರೆ ಒಂದು ದಿನವೂ ತಡಮಾಡಬಾರದು. ಅದು ಬಾಯಿಯ ಕ್ಯಾನ್ಸರಿನ ಮೊದಲ ಗುರುತಾಗಿರಬಹುದು. ಬೇಗ ಕಂಡುಹಿಡಿದರೆ ಗುಣವಾಗುವ ಸಾಧ್ಯತೆ ಹೆಚ್ಚು.

ಕೊನೆಯದಾಗಿ ಒಂದು ಮಾತು. ಕೊಟ್ಟಿಗೆಯಲ್ಲಿ ಕರೆಯುವ ಹಸುವಿದ್ದು, ಹಿತ್ತಲಲ್ಲಿ ಮೊಟ್ಟೆಯಿಡುವ ಕೋಳಿಯಿದ್ದು, ಆ ಮನೆಯ ಮಕ್ಕಳ ಬಾಯಿ ಒಡೆದಿರುವುದು ನಮ್ಮ ಹಳ್ಳಿಗಳಲ್ಲಿ ಅಪರೂಪವಲ್ಲ. ಹಾಲು ಡೇರಿಗೆ ಹೋಗುತ್ತದೆ, ಮೊಟ್ಟೆ ಸಂತೆಗೆ ಹೋಗುತ್ತದೆ. ಹಣವೂ ಬೇಕು, ನಿಜ. ಆದರೂ ಕ್ಯಾನು ತುಂಬಿಸುವ ಮುಂಚೆ ಮಕ್ಕಳಿಗೂ ಅವರ ತಾಯಿಗೂ ಒಂದೊಂದು ಲೋಟ ಹಾಲು ತೆಗೆದಿಡಿ. ಇಂದು ರಾತ್ರಿ ಎಲ್ಲರೂ ಊಟಕ್ಕೆ ಕುಳಿತಾಗ ದೀಪದ ಬೆಳಕಿನಲ್ಲಿ ಮನೆಯವರ ಬಾಯಿಯ ಮೂಲೆಗಳನ್ನು ಒಮ್ಮೆ ನೋಡಿರಿ. ಯಾರದಾದರೂ ಒಡೆದಿದ್ದರೆ ನಾಳೆಯಿಂದಲೇ ಆರೈಕೆ ಆರಂಭಿಸಿರಿ.