ಶೌಚಾಲಯಕ್ಕೆ ಅರವತ್ತು ಸೆಂಟ್, ಮಳೆಯಲ್ಲಿ ಕೊಡೆಗೆ ಇಪ್ಪತ್ತು ಡಾಲರ್!



ಬೇಸಿಗೆ ರಜೆ ಶುರುವಾಯಿತೆಂದರೆ ಮಕ್ಕಳ ಕೈಯಲ್ಲಿ ಐಪ್ಯಾಡ್, ಅಪ್ಪ-ಅಮ್ಮಂದಿರ ಬಾಯಲ್ಲಿ ಬೈಗುಳ. ಇದು ಇಲ್ಲಿನ ನಮ್ಮೆಲ್ಲರ ಮನೆಯ ಕತೆ. ಆದರೆ ಎಲ್ಲ ಗಣಕ ಆಟಗಳೂ ಹೊಡಿ-ಬಡಿ-ಕೊಲ್ಲು ಆಟಗಳಲ್ಲ ಸ್ವಾಮಿ. ಕೆಲವು ಆಟಗಳು ನಮ್ಮ ಬಿ.ಕಾಂ. ಪುಸ್ತಕಗಳಿಗಿಂತ ಚೆನ್ನಾಗಿ ವ್ಯಾಪಾರ ಕಲಿಸುತ್ತವೆ. ಅಂಥದ್ದೊಂದರ ಬಗ್ಗೆ ಈ ಸಲ ನಾಲ್ಕು ಮಾತು.

ಆಟದ ಹೆಸರು 'ರೋಲರ್‌ಕೋಸ್ಟರ್ ಟೈಕೂನ್'. 1999ರಲ್ಲಿ ಬಂದದ್ದು. ಖಾಲಿ ಜಾಗ, ಒಂದಿಷ್ಟು ಸಾಲ ಕೊಟ್ಟು 'ಮನರಂಜನಾ ಪಾರ್ಕ್ ಕಟ್ಟಿ, ಲಾಭ ಮಾಡಿ ತೋರಿಸಿ' ಅನ್ನುತ್ತದೆ. ಇದನ್ನು ಬರೆದವರು ಸ್ಕಾಟ್ಲೆಂಡಿನ ಕ್ರಿಸ್ ಸಾಯರ್. ಚಿತ್ರ ಮತ್ತು ಸಂಗೀತ ಬಿಟ್ಟರೆ ಹೆಚ್ಚುಕಡಿಮೆ ಒಬ್ಬರೇ ಕೂತು, ಅದೂ ಬಹುಪಾಲು ಅಸೆಂಬ್ಲಿ ಭಾಷೆಯಲ್ಲಿ ಬರೆದರು! ಎಂಜಿನಿಯರಿಂಗ್ ಕಾಲೇಜಿನ ಮೈಕ್ರೋಪ್ರೊಸೆಸರ್ ಲ್ಯಾಬಿನಲ್ಲಿ ಎರಡು ಸಂಖ್ಯೆ ಕೂಡಿಸಲು ಬೆವರಿಳಿಸಿದ ನನ್ನಂಥವರಿಗೆ ಇದು ಸಾಷ್ಟಾಂಗ ನಮಸ್ಕಾರ ಹಾಕುವಂಥ ಸಂಗತಿ. 2002ರಲ್ಲಿ ಎರಡನೆಯ ಭಾಗ ಬಂತು. ಈಗ 'ಕ್ಲಾಸಿಕ್' ಎಂಬ ಹೆಸರಿನಲ್ಲಿ ಫೋನು, ಐಪ್ಯಾಡುಗಳಲ್ಲೂ ಸಿಗುತ್ತದೆ. 2014ರಿಂದ ಉತ್ಸಾಹಿಗಳ ಗುಂಪೊಂದು ಎರಡನೆಯ ಭಾಗವನ್ನು ಬಿಡಿಸಿ, ಯಾರು ಬೇಕಾದರೂ ಓದಬಹುದಾದ ಮುಕ್ತ ತಂತ್ರಾಂಶವಾಗಿ ಮತ್ತೆ ಬರೆದಿದೆ. ಹಾಗಾಗಿ ಆಟದ ಹೊಟ್ಟೆಯೊಳಗೆ ಏನಿದೆ ಎಂದು ಇಣುಕಿ ನೋಡುವ ಭಾಗ್ಯ ನಮ್ಮದು.

ಮಕ್ಕಳೆಲ್ಲ ಮೊದಲು ಕಟ್ಟುವುದು ದೊಡ್ಡ ದೊಡ್ಡ ಕೋಸ್ಟರುಗಳನ್ನು. ನಾನು ಇಲ್ಲಿ ಹೇಳಹೊರಟಿರುವುದು ಅದರ ಬಗ್ಗೆಯಲ್ಲ. ಶೌಚಾಲಯ, ಬೆಂಚು, ಕಸದ ಬುಟ್ಟಿ, ತಿಂಡಿ ಅಂಗಡಿ, ಕೊಡೆ ಮಾರುವ ಮಾಹಿತಿ ಕೇಂದ್ರ ಇವೆಲ್ಲ ಇವೆಯಲ್ಲ, ಇವುಗಳಿಂದ ಕಾಸು ಹುಟ್ಟಿಸುವುದು ಹೇಗೆ? ಮಜಾ ಇರುವುದೇ ಇಲ್ಲಿ.

ಅತಿಥಿಯ ತಲೆಯೊಳಗೆ

ಪಾರ್ಕಿಗೆ ಬರುವ ಪ್ರತಿ ಪುಟ್ಟ ಅತಿಥಿಗೂ ಹಸಿವು, ಬಾಯಾರಿಕೆ, ದಣಿವು, ವಾಕರಿಕೆ, ಸಂತೋಷ, ಶೌಚದ ಒತ್ತಡ ಹೀಗೆ ಒಂದೊಂದಕ್ಕೂ ಒಂದು ಅಂಕಿ ಇರುತ್ತದೆ. ಹೆಚ್ಚಿನವು ಸೊನ್ನೆಯಿಂದ 255ರವರೆಗೆ, ಅಂದರೆ ಒಂದು ಬೈಟ್. ತಿಂದರೆ ಹಸಿವು ತೀರುತ್ತದೆ, ಆದರೆ ಬಾಯಾರಿಕೆ ಏರುತ್ತದೆ. ಕುಡಿದರೆ ಬಾಯಾರಿಕೆ ತೀರುತ್ತದೆ. ನಮ್ಮೂರ ಜಾತ್ರೆಯಲ್ಲಿ ಮೆಣಸಿನಕಾಯಿ ಬಜ್ಜಿ ಗಾಡಿಯ ಪಕ್ಕದಲ್ಲೇ ಗೋಲಿ ಸೋಡಾ ಗಾಡಿ ನಿಲ್ಲುತ್ತಿತ್ತಲ್ಲ, ಅದೇ ತತ್ತ್ವ. 1994ರಲ್ಲಿ ಬುಲ್‌ಫ್ರಾಗ್ ಕಂಪನಿ ತಂದ 'ಥೀಮ್ ಪಾರ್ಕ್' ಎಂಬ ಆಟವಂತೂ ಒಂದು ಹೆಜ್ಜೆ ಮುಂದೆ ಹೋಗಿ, ಆಲೂಗಡ್ಡೆ ಚಿಪ್ಸಿಗೆ ಎಷ್ಟು ಉಪ್ಪು ಹಾಕಬೇಕು ಎಂಬುದನ್ನೇ ಆಟಗಾರನ ಕೈಗೆ ಕೊಟ್ಟಿತ್ತು. ಉಪ್ಪು ಹೆಚ್ಚಿಸು, ಪಕ್ಕದಲ್ಲಿ ಕೋಲಾ ಮಾರು!

ಟೈಕೂನಿನ ಅತಿಥಿ ಅಂಗಡಿಗೆ ಬಂದಾಗ ಆ ವಸ್ತುವಿಗೆ ತನ್ನ ಮನಸ್ಸಿನಲ್ಲಿ ಒಂದು ಬೆಲೆ ಕಟ್ಟುತ್ತಾನೆ. ಬಿಸಿಲಿದ್ದರೆ ಐಸ್‌ಕ್ರೀಮಿಗೆ ಹೆಚ್ಚು, ಚಳಿಯಿದ್ದರೆ ಕಾಫಿಗೆ ಹೆಚ್ಚು. ನೀವು ಅದಕ್ಕಿಂತ 80 ಸೆಂಟ್ ಜಾಸ್ತಿ ಹೇಳಿದ್ದೀರಿ ಅಂದುಕೊಳ್ಳಿ. ಬೇಜಾರಿನಲ್ಲಿರುವ ಅತಿಥಿ ಖಂಡಿತ ಕೊಳ್ಳುವುದಿಲ್ಲ. ಆದರೆ ಅವನ ಸಂತೋಷದ ಅಂಕಿ 128 ದಾಟಿದ್ದರೆ ಆ ಹೆಚ್ಚುವರಿ ಅವನಿಗೆ ಅರ್ಧದಷ್ಟೇ ಕಾಣುತ್ತದೆ. 180 ದಾಟಿದ್ದರೆ ಅರ್ಧದಲ್ಲೂ ಅರ್ಧ, ಅಂದರೆ 20 ಸೆಂಟ್. ಆಗ ಎಂಟರಲ್ಲಿ ಆರು ಸಲ ಕೊಂಡೇಬಿಡುತ್ತಾನೆ. ಅದೇ ಅಂಗಡಿ, ಅದೇ ಬರ್ಗರ್, ಅದೇ ಬೆಲೆ. ಬದಲಾದದ್ದು ಗಿರಾಕಿಯ ಮನಸ್ಸು ಮಾತ್ರ. ಮದುವೆ ಮನೆಯ ಸಂಭ್ರಮದಲ್ಲಿ ಮಲ್ಲಿಗೆ ಹೂವಿಗೆ ಯಾರಾದರೂ ಚೌಕಾಸಿ ಮಾಡುತ್ತಾರೆಯೇ ಹೇಳಿ?

ಒತ್ತಡಕ್ಕೆ ತಕ್ಕ ದರ

ಇನ್ನು ಶೌಚಾಲಯ. ಇಲ್ಲಿ ಲೆಕ್ಕ ಬಹಳ ನೇರ. ಅತಿಥಿಯ ಒತ್ತಡದ ಅಂಕಿ 70 ಆಗುವವರೆಗೆ ಅವನು ಒಳಗೆ ಹೋಗುವುದಿಲ್ಲ. ಆಮೇಲೆ ಪ್ರತಿ 40 ಅಂಕಿಗೆ 10 ಸೆಂಟ್ ಕೊಡಲು ಸಿದ್ಧ. 255ಕ್ಕೆ ಲೆಕ್ಕ ಹಾಕಿದರೆ ಗರಿಷ್ಠ 60 ಸೆಂಟ್. ದರ 20 ಸೆಂಟ್ ಇಟ್ಟರೆ ಒತ್ತಡ 80 ಇದ್ದವನೂ ಕೊಟ್ಟು ಹೋಗುತ್ತಾನೆ. 60 ಇಟ್ಟರೆ 240 ಮುಟ್ಟಿದವನು, ಅಂದರೆ 'ಇನ್ನು ತಡೆಯಲಾರೆ' ಎನ್ನುವವನು ಮಾತ್ರ ಕೊಡುತ್ತಾನೆ. ಉಳಿದವರು ಗೊಣಗುತ್ತಾ ಬಾಗಿಲಿನಿಂದಲೇ ಹಿಂತಿರುಗುತ್ತಾರೆ. ಹಾಗೆ ಪರದಾಡುವವನಿಗೆ ಖುಷಿ ಎಲ್ಲಿಂದ ಬರಬೇಕು? ಖುಷಿ ಇಳಿದ ಮೇಲೆ ಮೇಲೆ ಹೇಳಿದ 80 ಸೆಂಟಿನ ಬರ್ಗರ್ ಲೆಕ್ಕ ನೆನಪಿಸಿಕೊಳ್ಳಿ. ಇಲ್ಲಿ 40 ಸೆಂಟ್ ಹೆಚ್ಚು ಗಳಿಸಲು ಹೋಗಿ ಅಲ್ಲಿ ಡಾಲರುಗಟ್ಟಲೆ ಕಳೆದುಕೊಂಡಂತೆ.

ಇದು ಬರೀ ಆಟದ ಮಾತಲ್ಲ. ನಾವಿರುವ ಈ ಅಮೆರಿಕದಲ್ಲೂ ಒಂದು ಕಾಲಕ್ಕೆ ನಾಣ್ಯ ಹಾಕಿದರಷ್ಟೇ ಬಾಗಿಲು ತೆರೆಯುವ ಶೌಚಾಲಯಗಳು ಊರೂರಲ್ಲಿ ಇದ್ದವು. ಗಂಡಸರ ಮೂತ್ರಾಲಯ ಬಿಟ್ಟಿ, ಹೆಂಗಸರು ಮಾತ್ರ ಪ್ರತಿ ಸಲವೂ ಕಾಸು ಕೊಡಬೇಕು, ಇದ್ಯಾವ ನ್ಯಾಯ ಎಂದು ಕೂಗೆದ್ದಿತು. ಕ್ಯಾಲಿಫೋರ್ನಿಯಾದ ಶಾಸಕಿ ಮಾರ್ಚ್ ಫಾಂಗ್ ಯು 1969ರಲ್ಲಿ ಸ್ಯಾಕ್ರಮೆಂಟೋದ ಶಾಸನಭವನದ ಮುಂದೆ ಶೌಚದ ಕಮೋಡೊಂದನ್ನು ಸುತ್ತಿಗೆಯಿಂದ ಒಡೆದು ಪ್ರತಿಭಟಿಸಿದರು. 1970ರಲ್ಲಿ ಒಹಾಯೋದ ಹೈಸ್ಕೂಲು ವಿದ್ಯಾರ್ಥಿಗಳು ಇದರ ವಿರುದ್ಧ ಒಂದು ಸಂಘವನ್ನೇ ಕಟ್ಟಿದರು. 1973ರಲ್ಲಿ ಷಿಕಾಗೋ ನಗರ ನಿಷೇಧ ತಂದಿತು, 1974ರಲ್ಲಿ ಕ್ಯಾಲಿಫೋರ್ನಿಯಾ. ನಮ್ಮ ಊರುಗಳ ಬಸ್ ನಿಲ್ದಾಣದಲ್ಲಿ ಚಿಲ್ಲರೆಗಾಗಿ ಕೈಚಾಚಿ ಕೂತವರನ್ನು ಕಂಡ ಹೆಣ್ಣುಮಕ್ಕಳಿಗೆ ಈ ಕೂಗಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಮಳೆ ಬಂತು, ಬೆಲೆ ಏರಿಸು!

ಟೈಕೂನ್ ಆಡುವವರ ಬಳಗದಲ್ಲಿ ಪ್ರಸಿದ್ಧವಾದ ತಂತ್ರ ಕೊಡೆಯದು. ಮಾಹಿತಿ ಕೇಂದ್ರದಲ್ಲಿ ಕೊಡೆಯ ಬೆಲೆಯನ್ನು ಗರಿಷ್ಠ 20 ಡಾಲರಿಗೆ ಏರಿಸಿಟ್ಟು ಸುಮ್ಮನೆ ಕೂರಿ. ಬಿಸಿಲಿದ್ದಾಗ ಒಬ್ಬನೂ ತಿರುಗಿ ನೋಡುವುದಿಲ್ಲ. ಮಳೆ ಬಿದ್ದರೆ ಜೇಬಿನಲ್ಲಿ ದುಡ್ಡಿರುವವರು ಮರುಮಾತಿಲ್ಲದೆ ಕೊಳ್ಳುತ್ತಾರೆ. ಕಾರಣ ಆ ಮುಕ್ತ ಪ್ರೋಗ್ರಾಮಿನಲ್ಲಿ ಸ್ಪಷ್ಟವಾಗಿದೆ: ವಸ್ತು ಕೊಡೆಯಾಗಿದ್ದು ಮಳೆ ಬರುತ್ತಿದ್ದರೆ 'ಬೆಲೆ ಜಾಸ್ತಿಯಾಯಿತೇ?' ಎಂಬ ಪರೀಕ್ಷೆಯನ್ನೇ ಹಾರಿಸಿ ಮುಂದಕ್ಕೆ ಹೋಗು. ಅಷ್ಟೇ, ಒಂದು ಷರತ್ತು.

ನನ್ನ ಹನ್ನೊಂದು ವರ್ಷದ ಮಗಳು ಈ ಗುಟ್ಟು ಕಂಡುಕೊಂಡ ದಿನ ಮನೆಯಲ್ಲಿ ಹಬ್ಬ. ಪಾರ್ಕಿನ ಸಾಲವೆಲ್ಲ ಮಳೆಯಲ್ಲೇ ತೀರಿತು. ಸ್ವಲ್ಪ ಹೊತ್ತಾದ ಮೇಲೆ ಬಂದು ಕೇಳಿದಳು: "ಅಪ್ಪಾ, ಇದು ಚೀಟಿಂಗಾ?"

"ಆಟದ ರೂಲ್ಸಿನಲ್ಲಿ ಅಲ್ಲ ಕಣಮ್ಮ."

"ನಿಜವಾದ ಪಾರ್ಕಲ್ಲಿ ಹಿಂಗೆ ಮಾಡಿದ್ರೆ?"

"ನೀನೇ ಹೇಳು. ನಿಂಗೆ ಹಿಂಗೆ ಮಾಡಿದ್ರೆ ಮುಂದಿನ ವರ್ಷ ಮತ್ತೆ ಅಲ್ಲಿಗೆ ಹೋಗ್ತೀಯಾ?"

ಅವಳು ಯೋಚಿಸಿ ಅಂದಳು: "ಹೋಗಲ್ಲ. ಆದ್ರೆ ಇವರು ಬರ್ತಾನೇ ಇದ್ದಾರಲ್ಲ!"

ಸರಿಯಾಗಿ ಹಿಡಿದಿದ್ದಳು. ಆಟದ ಅತಿಥಿ ಮನೆಗೆ ಹೋದ ಮೇಲೆ ತನ್ನ ಹೆಂಡತಿಗೆ ಹೇಳುವುದಿಲ್ಲ, ನೆರೆಯವನಿಗೆ ಹೇಳುವುದಿಲ್ಲ. ಗೇಟು ದಾಟಿದ ಕೂಡಲೇ ಅವನ ನೆನಪು ಮುಗಿಯಿತು. ನಮ್ಮ-ನಿಮ್ಮಂಥವರು ಹಾಗಲ್ಲ. ಹತ್ತು ವರ್ಷದ ಹಿಂದೆ ನೀರಿನ ಬಾಟಲಿಗೆ ಎಷ್ಟು ಕೊಟ್ಟೆವು ಎಂಬುದನ್ನೂ ಪಾಟ್‌ಲಕ್ಕಿನಲ್ಲಿ ಇಪ್ಪತ್ತು ಮನೆಯವರಿಗೆ ಹೇಳಿ ಬರುತ್ತೇವೆ!

ಕಾಸು ತರದ ಸೌಕರ್ಯಗಳು

ಹಾಗಾದರೆ ನ್ಯಾಯವಾಗಿ ಲಾಭ ಮಾಡುವುದು ಹೇಗೆ? ಲೆಕ್ಕದ ಪುಟದಲ್ಲಿ ಬರೀ ಖರ್ಚಾಗಿ ಕಾಣುವ ಸೌಕರ್ಯಗಳನ್ನು ನೋಡಿ.

ಬೆಂಚಿಗೆ ಟಿಕೆಟ್ ಇಲ್ಲ. ಆದರೆ ಕೋಸ್ಟರಿನಿಂದ ತಲೆತಿರುಗಿ ಇಳಿದವನು ಅಲ್ಲಿ ಕೂತರೆ ವಾಕರಿಕೆ ಇಳಿಯುತ್ತದೆ, ದಣಿವು ಆರುತ್ತದೆ. ವಾಕರಿಕೆ ಇರುವವರೆಗೆ ಅವನು ತಿಂಡಿ ಅಂಗಡಿಯತ್ತ ಸುಳಿಯುವುದಿಲ್ಲ. ಬೆಂಚು ಇಲ್ಲದಿದ್ದರೆ ದಾರಿಯಲ್ಲೇ ವಾಂತಿ, ಅದನ್ನು ಕಂಡವರಿಗೆಲ್ಲ ಅಸಹ್ಯ. ಕಸದ ಬುಟ್ಟಿ, ಗುಡಿಸುವವರ ಸಂಬಳ ಇವೂ ಹಾಗೆಯೇ. ಎರಡನೆಯ ಭಾಗದಲ್ಲಿ ಬಂದ ಹಣ ತೆಗೆಯುವ ಯಂತ್ರ, ಅಂದರೆ ನಮ್ಮ ಏಟಿಎಂ, ಇನ್ನೂ ಸ್ವಾರಸ್ಯಕರ. ಅತಿಥಿ ಒಂದು ಸಲಕ್ಕೆ 50 ಡಾಲರ್ ತೆಗೆಯುತ್ತಾನೆ. ಆದರೆ ಯಾರು? ಜೇಬು ಖಾಲಿಯಾಗಿದ್ದರೂ ಖುಷಿಯಾಗಿರುವವನು, ದಣಿಯದಿರುವವನು ಮಾತ್ರ. ಬೇಜಾರಾದವನು ಯಂತ್ರದ ಮುಂದೆಯೇ ನಡೆದುಕೊಂಡು ಮನೆಗೆ ಹೋಗುತ್ತಾನೆ.

ನಿಜಲೋಕದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಇಂಡಿಯಾನಾದ ಸಾಂಟಾ ಕ್ಲಾಸ್ ಎಂಬ ಊರಿನ 'ಹಾಲಿಡೇ ವರ್ಲ್ಡ್'. 1946ರಲ್ಲಿ ಶುರುವಾದ, ಒಂದು ಕುಟುಂಬ ನಡೆಸುವ ಪಾರ್ಕು. 2000ರಿಂದ ಅಲ್ಲಿ ತಂಪು ಪಾನೀಯ ಎಷ್ಟು ಕುಡಿದರೂ ಉಚಿತ. ಪಾರ್ಕಿಂಗ್ ಉಚಿತ, ಬಿಸಿಲಿಗೆ ಹಚ್ಚಿಕೊಳ್ಳುವ ಸನ್‌ಸ್ಕ್ರೀನ್ ಕೂಡ ಉಚಿತ. ಪೆನ್ಸಿಲ್ವೇನಿಯಾದ 'ಕನೋಬಲ್ಸ್' ಪಾರ್ಕಿನಲ್ಲಿ ಪ್ರವೇಶ ಮತ್ತು ಪಾರ್ಕಿಂಗ್ ಎರಡೂ ಉಚಿತ, ಹತ್ತಿದ ಆಟಕ್ಕಷ್ಟೇ ದುಡ್ಡು. ಕೊಡೆಯನ್ನು 20 ಡಾಲರಿಗೆ ಮಾರದೆಯೂ ಬದುಕಬಹುದು ಎಂಬುದಕ್ಕೆ ಇಬ್ಬರೂ ಸಾಕ್ಷಿ.

ಆಡುವ ಮಕ್ಕಳಿಗೆ ಕೆಲವು ಕಿವಿಮಾತು

1. ಶೌಚಾಲಯವನ್ನು ತಿಂಡಿ-ಪಾನೀಯದ ಅಂಗಡಿಗಳ ಹತ್ತಿರವೇ ಕಟ್ಟಿ. ದರ 10 ಅಥವಾ 20 ಸೆಂಟ್ ಸಾಕು.

2. ಜೋರಾದ ಕೋಸ್ಟರಿನ ಹೊರಬಾಗಿಲಲ್ಲಿ ಮೊದಲು ಬೆಂಚು, ಆಮೇಲೆ ತಿಂಡಿ.

3. ಅತಿಥಿಗಳ ಮನಸ್ಸಿನ ಮಾತು ತೋರಿಸುವ ಕಿಟಕಿಯನ್ನು ಆಗಾಗ ತೆರೆಯಿರಿ. 'ಇದಕ್ಕೆ ಇಷ್ಟು ಕೊಡಲಾರೆ' ಎಂಬ ಮಾತು ಸಾಲುಗಟ್ಟಿದ್ದರೆ ಬೆಲೆ ಇಳಿಸಿ. 'ಒಳ್ಳೇ ಬೆಲೆ' ಎನ್ನುತ್ತಿದ್ದರೆ ಹತ್ತು ಸೆಂಟ್ ಏರಿಸಿ ನೋಡಿ.

4. ಪಾರ್ಕಿನ ನಕ್ಷೆಯನ್ನು ಅಗ್ಗವಾಗಿ ಮಾರಿ. ನಕ್ಷೆ ಇದ್ದವನು ದಾರಿ ತಪ್ಪುವುದು ಕಡಿಮೆ.

5. ಕೊಡೆಯ ಬೆಲೆ ಎಷ್ಟಿಡಬೇಕು ಎಂಬುದನ್ನು ಅಪ್ಪ-ಅಮ್ಮನ ಜೊತೆ ಕೂತು ತೀರ್ಮಾನಿಸಿ. ಇದಕ್ಕೆ ಉತ್ತರ ಪ್ರೋಗ್ರಾಮಿನಲ್ಲಿಲ್ಲ.

ನಮ್ಮ ಮನೆಯ ತೀರ್ಮಾನವೇನೆಂದರೆ, ಈಗ ಮಗಳ ಪಾರ್ಕಿನಲ್ಲಿ ಕೊಡೆ ಮಳೆಗೂ ಬಿಸಿಲಿಗೂ ಒಂದೇ ಬೆಲೆ. ಸಾಲ ತೀರುವುದು ನಿಧಾನವಾಗಿದೆ, ಅವಳ ಗೊಣಗಾಟವೂ ನಡೆದಿದೆ. ಆದರೆ ಆ ಗೊಣಗಾಟದ ನಡುವೆಯೇ ಬೆಂಚು, ಬುಟ್ಟಿ, ಶೌಚಾಲಯಗಳನ್ನು ಎಲ್ಲಿಡಬೇಕೆಂದು ಮೊದಲಿಗಿಂತ ಹೆಚ್ಚು ತಲೆಕೆಡಿಸಿಕೊಳ್ಳುತ್ತಿದ್ದಾಳೆ.

ನಿಮ್ಮ ಮನೆಯಲ್ಲಿ ಕೊಡೆಯ ಬೆಲೆ ಎಷ್ಟಾಯಿತು? ಮಕ್ಕಳ ಕೈಯಲ್ಲೇ ಒಂದು ಸಾಲು ಕನ್ನಡದಲ್ಲಿ ಬರೆಸಿ ಮಿಂಚೆ ಕಳಿಸಿ.