35 ಡಿಗ್ರಿಯ ಸೆಕೆ, 60 ಡಿಗ್ರಿಯ ಸೂರು

ಮಾರ್ಚ್ ಕೊನೆಯ ವಾರದಲ್ಲಿ ಡೊಂಬಿವಲಿಯ ತಾಪಮಾನ 40 ಡಿಗ್ರಿ ಮುಟ್ಟುವುದು ಈಗ ಹೊಸ ಸಂಗತಿಯಲ್ಲ. ಪೂರ್ವದಿಂದ ಒಣಗಾಳಿ ಬಿರುಸಾಗಿ ಬೀಸುವ ದಿನಗಳಲ್ಲಿ ಸಮುದ್ರದ ಗಾಳಿ ಮುಂಬಯಿ, ಠಾಣೆ ದಾಟಿ ಒಳನಾಡು ಸೇರುವಷ್ಟರಲ್ಲಿ ಹೊತ್ತು ಇಳಿದಿರುತ್ತದೆ. ಅಷ್ಟರೊಳಗೆ ಕಲ್ಯಾಣ, ಡೊಂಬಿವಲಿ ಕಾದು ಕೆಂಡವಾಗಿರುತ್ತವೆ. ಮರುದಿನದ ಪತ್ರಿಕೆಯಲ್ಲಿ ಅದೇ ದೊಡ್ಡ ಸುದ್ದಿ. ಮೇ ಕೊನೆಗೆ ಅದೇ ಊರಿನಲ್ಲಿ ತಾಪಮಾನ 35 ಇರುತ್ತದೆ, ಯಾರೂ ಸುದ್ದಿ ಮಾಡುವುದಿಲ್ಲ. ಕರಾವಳಿಯಲ್ಲಿ ಉಷ್ಣ ಅಲೆ ಎಂದು ಹವಾಮಾನ ಇಲಾಖೆ ಸಾರಬೇಕಾದರೆ ಗರಿಷ್ಠ ತಾಪಮಾನ ಕನಿಷ್ಠ 37 ಡಿಗ್ರಿ ಇರಬೇಕು, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಹೆಚ್ಚಿರಬೇಕು. 35ಕ್ಕೆ ಆ ಯೋಗ್ಯತೆ ಇಲ್ಲ.

ಆದರೆ ಅಲ್ಲಿಯ ಎಂಐಡಿಸಿ ಕೈಗಾರಿಕಾ ವಸಾಹತಿನ ತಗಡಿನ ಶೆಡ್ಡಿನಲ್ಲಿ ಎಂಟು ಗಂಟೆ ನಿಂತು ದುಡಿಯುವ ದೇಹಕ್ಕೆ ಮೇ ತಿಂಗಳ 35 ಡಿಗ್ರಿಯೇ ಹೆಚ್ಚು ಅಪಾಯಕಾರಿ. ಇದು ಬರಿಯ ಅನಿಸಿಕೆಯಲ್ಲ, ಲೆಕ್ಕ ಹಾಕಿ ತೋರಿಸಬಹುದಾದ ಮಾತು.

ಮೈ ತಣಿಯುವುದು ಬೆವರಿನಿಂದ. ಅದೂ ಬೆವರು ಸುರಿದರಲ್ಲ, ಆರಿದರೆ. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿ ಆವಿಯಾದರೆ ಸುಮಾರು 2,400 ಕಿಲೋಜೂಲ್ ಶಾಖವನ್ನು ಹೊತ್ತೊಯ್ಯುತ್ತದೆ. ಮಧ್ಯಮ ಶ್ರಮದ ಕೆಲಸದಲ್ಲಿ ದೇಹ 300 ವ್ಯಾಟಿನಷ್ಟು ಶಾಖ ಹುಟ್ಟಿಸುತ್ತದೆ ಎಂದಿಟ್ಟುಕೊಂಡರೆ, ಗಂಟೆಗೆ ಅರ್ಧ ಲೀಟರ್‌ಗೆ ತುಸು ಕಡಿಮೆ ಬೆವರು ಆರಿದರೂ ಸಾಕು, ಮೈ ಬಿಸಿ ಏರದು. ಹನಿಯಾಗಿ ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಮಾತ್ರ ಏನೂ ಲಾಭವಿಲ್ಲ. ನೀರೂ ಹೋಯಿತು, ಉಪ್ಪೂ ಹೋಯಿತು, ಬಿಸಿ ಮಾತ್ರ ಒಳಗೇ ಉಳಿಯಿತು.

ಬೆವರು ಎಷ್ಟು ಆರಬಲ್ಲದು ಎಂಬುದನ್ನು ಸಾಮಾನ್ಯ ತಾಪಮಾಪಕ ಹೇಳುವುದಿಲ್ಲ. ಅದರ ಬುಡಕ್ಕೆ ಒದ್ದೆ ಮಲ್ ಬಟ್ಟೆ ಸುತ್ತಿದರೆ ಹೇಳುತ್ತದೆ. ಎರಡು ತಾಪಮಾಪಕಗಳನ್ನು ಒಂದು ಹಲಗೆಗೆ ಅಕ್ಕಪಕ್ಕ ಕಟ್ಟಿ, ಒಂದರ ಬುಡಕ್ಕೆ ಬಟ್ಟೆ ಸುತ್ತಿ, ಬಟ್ಟೆಯ ಬಾಲವನ್ನು ಪುಟ್ಟ ನೀರಿನ ಸೀಸೆಯಲ್ಲಿ ಇಳಿಬಿಟ್ಟು ಗಾಳಿ ಆಡುವಲ್ಲಿ ತೂಗುಹಾಕಿದರೆ ಉಪಕರಣ ಸಿದ್ಧ. ಗಾಳಿ ಒಣಗಿದ್ದರೆ ಬಟ್ಟೆಯ ನೀರು ಬೇಗ ಆರಿ ಪಾದರಸ ಸರ್ರನೆ ಇಳಿಯುತ್ತದೆ, ತೇವವಿದ್ದರೆ ಇಳಿಯಲು ಹಟ ಮಾಡುತ್ತದೆ. ಈ ಎರಡನೆಯ ಅಂಕಿಯೇ ಒದ್ದೆ ಬಲ್ಬ್ ತಾಪಮಾನ. ಮಾರ್ಚ್‌ನ 40 ಡಿಗ್ರಿಯ ಒಣ ಮಧ್ಯಾಹ್ನ, ಆರ್ದ್ರತೆ ಶೇ 25 ಇದ್ದರೆ ಅದು 24ರ ಆಸುಪಾಸು ನಿಲ್ಲುತ್ತದೆ. ಮೇ ತಿಂಗಳ 35 ಡಿಗ್ರಿಯಲ್ಲಿ ಆರ್ದ್ರತೆ ಶೇ 60 ಇದ್ದರೆ 28 ದಾಟುತ್ತದೆ. ಬೆವರಿನ ಲೆಕ್ಕದಲ್ಲಿ ಎರಡನೆಯದೇ ಕೆಟ್ಟ ದಿನ.

ಇದನ್ನು ಮೊದಲು ಸ್ಪಷ್ಟವಾಗಿ ತೋರಿಸಿದವರು ಗಣಿಗಳ ಗಾಳಿಯನ್ನು ಅಭ್ಯಸಿಸಿದ ಜೆ. ಎಸ್. ಹಾಲ್ಡೇನ್. ಗಾಳಿ ಅಲುಗದ ಜಾಗದಲ್ಲಿ ಒದ್ದೆ ಬಲ್ಬ್ 31 ಡಿಗ್ರಿ ದಾಟಿದರೆ ಮನುಷ್ಯನ ಮೈ ಬಿಸಿ ಏರತೊಡಗುತ್ತದೆಂದು ಅವರು 1905ರಲ್ಲೇ ಬರೆದರು. ನಮ್ಮ ಕೋಲಾರದ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಇಳಿದಾಗ ಬಂಡೆಯ ಬಿಸಿಯೇ 60 ಡಿಗ್ರಿ ಮೀರಿತ್ತು. ಅಲ್ಲಿ ಮೇಲಿನಿಂದ ತಂಪು ಗಾಳಿ ಇಳಿಸದೆ ಕೆಲಸ ಸಾಧ್ಯವೇ ಇರಲಿಲ್ಲ. ಶೆಡ್ಡಿನೊಳಗೆ ಕಾಯುವುದು ನೆಲದಡಿಯ ಬಂಡೆಯಲ್ಲ, ತಲೆಯ ಮೇಲಿನ ಸೂರು.

ಡೊಂಬಿವಲಿ ಎಂಐಡಿಸಿ ಅಂದರೆ ರಾಸಾಯನಿಕ, ಔಷಧಿ, ಎಂಜಿನಿಯರಿಂಗ್ ಘಟಕಗಳು, ಬಟ್ಟೆಗೆ ಬಣ್ಣ ಹಾಕುವ ಪ್ರೋಸೆಸ್ ಹೌಸ್‌ಗಳು. ಹಳೆಯ ಶೆಡ್ಡುಗಳಿಗೆ ಹೆಚ್ಚಾಗಿ ಸಿಮೆಂಟ್ ಶೀಟು ಇಲ್ಲವೇ ತಗಡು. ಮಳೆ, ಮಸಿ, ಪಾಚಿ ಕುಡಿದು ಕಪ್ಪಿಟ್ಟ ಸಿಮೆಂಟ್ ಶೀಟು ಬಿಸಿಲಿನ ಮುಕ್ಕಾಲು ಪಾಲನ್ನು ಹೀರಿಕೊಂಡು ನಡು ಮಧ್ಯಾಹ್ನ 60 ಡಿಗ್ರಿ ದಾಟುತ್ತದೆ. ಆಮೇಲೆ ಅದು ಒಳಮುಖವಾಗಿ ಶಾಖ ಸೂಸುತ್ತದೆ. 65 ಡಿಗ್ರಿಯ ಶೀಟಿನ ಪ್ರತಿ ಚದರ ಮೀಟರಿನಿಂದ, ಕೆಳಗೆ 35 ಡಿಗ್ರಿಯಲ್ಲಿರುವ ಮೈ ಮತ್ತು ಯಂತ್ರಗಳತ್ತ, ನಿವ್ವಳ 200 ವ್ಯಾಟಿನಷ್ಟು ಅವಕೆಂಪು ಕಿರಣ ಇಳಿಯುತ್ತದೆ. ಈ ಕಿರಣ ಗಾಳಿಯನ್ನು ಕಾಯಿಸದೆ ನೇರ ಚರ್ಮಕ್ಕೆ ಬಂದು ತಾಗುವುದರಿಂದ ಎಷ್ಟು ಫ್ಯಾನ್ ಹಾಕಿದರೂ ಅದನ್ನು ತಡೆಯಲಾಗದು.

ಆದ್ದರಿಂದ ಖರ್ಚು ಮಾಡುವುದಾದರೆ ಮೊದಲ ರೂಪಾಯಿ ಸೂರಿಗೆ. ಬಿಸಿಲು ಪ್ರತಿಫಲಿಸುವ ಬಿಳಿ ಬಣ್ಣ ಹೊಸದರಲ್ಲಿ ಸೂರ್ಯಕಿರಣದ ಶೇ 80ರಷ್ಟನ್ನು ಹಿಂದಕ್ಕೆ ಅಟ್ಟುತ್ತದೆ. ಸೂರು ಹೀರುವ ಶಾಖ ಚದರ ಮೀಟರಿಗೆ 700 ವ್ಯಾಟ್ ಇದ್ದದ್ದು 200ಕ್ಕೆ ಇಳಿಯುತ್ತದೆ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿ ಸಾವಿರಕ್ಕೂ ಹೆಚ್ಚು ಜೀವ ತೆಗೆದ ಮೇಲೆ 2013ರಲ್ಲಿ ಅಲ್ಲಿಯ ನಗರಪಾಲಿಕೆ ಉಷ್ಣ ಕ್ರಿಯಾ ಯೋಜನೆ ತಂದಿತು, ಮುಂದೆ ಬಡಾವಣೆಗಳ ಸೂರುಗಳಿಗೆ ಬಿಳಿ ಬಳಿಯುವ ಕೆಲಸವೂ ಅದರ ಜೊತೆ ಸೇರಿತು. ತೆಲಂಗಾಣ 2023ರಲ್ಲಿ ತಂಪು ಸೂರಿಗೆಂದೇ ಒಂದು ನೀತಿ ಮಾಡಿತು. ಬರಿಯ ಸುಣ್ಣ ಬಳಿದರೂ ಕೆಲಸ ಆಗುತ್ತದೆ. ಆದರೆ ಕೊಂಕಣದ ಮಳೆಗೆ ಅದು ಒಂದು ವರ್ಷವೂ ನಿಲ್ಲದು. ಒಳ್ಳೆಯ ಬಣ್ಣವೂ ಮಸಿ, ಪಾಚಿ ಹಿಡಿದು ಮಂಕಾಗುತ್ತದೆ, ಫೆಬ್ರವರಿಯಲ್ಲಿ ಒಮ್ಮೆ ತೊಳೆಸಿದರೆ ಹೊಳಪು ಮರಳುತ್ತದೆ.

ಇಲ್ಲೊಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಹಳೆಯ ಸಿಮೆಂಟ್ ಶೀಟು ಆಳಿನ ಭಾರ ತಡೆಯದು. ಬಣ್ಣ ಬಳಿಯಲು ಹತ್ತಿದವರು ಶೀಟು ಮುರಿದು ಕೆಳಗೆ ಬಿದ್ದು ಸಾಯುವುದು ಕಾರ್ಖಾನೆ ಅಪಘಾತಗಳಲ್ಲಿ ಎಲ್ಲರಿಗೂ ಗೊತ್ತಿರುವ ಬಗೆ. ಅಡ್ಡಹಲಗೆ, ಇಡೀ ಮೈ ಹಿಡಿಯುವ ಸುರಕ್ಷತಾ ಪಟ್ಟಿ, ಕೆಳಗೆ ಬಲೆ ಇಲ್ಲದೆ ಒಬ್ಬರನ್ನೂ ಮೇಲೆ ಹತ್ತಿಸಬಾರದು. ಶೀಟಿನಲ್ಲಿ ಆಸ್ಬೆಸ್ಟಾಸ್ ಇರುವುದರಿಂದ ಒಣಗಿದ್ದಾಗ ಕೆರೆದು ಧೂಳೆಬ್ಬಿಸುವಂತೆಯೂ ಇಲ್ಲ. ತಂಪಿಗಾಗಿ ಮಾಡುವ ಕೆಲಸ ಜೀವಕ್ಕೇ ಎರವಾಗಬಾರದಲ್ಲ.

ಎರಡನೆಯ ಶತ್ರು ಶೆಡ್ಡಿನೊಳಗೇ ಇದೆ. ಪಾಲಿಯೆಸ್ಟರಿಗೆ ಬಣ್ಣ ಹಿಡಿಸುವ ಜೆಟ್ ಯಂತ್ರ 130 ಡಿಗ್ರಿಯಲ್ಲಿ ನಡೆಯುತ್ತದೆ, ಬಟ್ಟೆಯನ್ನು ಎಳೆದು ಒಣಗಿಸುವ ಸ್ಟೆಂಟರ್ 200ರ ಹತ್ತಿರ. ಇವುಗಳ ನಡುವೆ ಬಾಯ್ಲರಿನಿಂದ ಹಬೆಯ ಪೈಪುಗಳು ಹರಿದಾಡುತ್ತವೆ. ನಾಲ್ಕಿಂಚಿನ ಪೈಪಿನ ಮೇಲಿನ ಹೊದಿಕೆ ಕಿತ್ತುಹೋಗಿ ಬೋಳಾದರೆ, 165 ಡಿಗ್ರಿಯ ಹಬೆ ಹರಿಯುವಾಗ, ಪ್ರತಿ ಮೀಟರಿನಿಂದ 700 ವ್ಯಾಟ್ ಶಾಖ ಸೋರುತ್ತದೆ. ಹತ್ತು ಮೀಟರ್ ಬೋಳು ಪೈಪೆಂದರೆ ಕಾರ್ಮಿಕರ ನಡುವೆ ಏಳು ರೂಮ್ ಹೀಟರ್ ಹಚ್ಚಿಟ್ಟ ಹಾಗೆ. ಎರಡಿಂಚು ದಪ್ಪದ ರಾಕ್‌ವೂಲ್ ಸುತ್ತಿದರೆ ಸೋರಿಕೆ ಹತ್ತನೇ ಒಂದಕ್ಕೆ ಇಳಿಯುತ್ತದೆ. ವಾಲ್ವು, ಫ್ಲ್ಯಾಂಜುಗಳನ್ನು ರಿಪೇರಿಗೆ ಸುಲಭವಾಗಲೆಂದು ಬೋಳಾಗಿಯೇ ಬಿಡುವ ರೂಢಿ ಎಲ್ಲೆಡೆ ಇದೆ. ಬಿಚ್ಚಿ ಹಾಕಬಹುದಾದ ಗವಸು ಹೊಲಿಸಿ ತೊಡಿಸಿದರೆ ಅದೂ ಮುಚ್ಚುತ್ತದೆ. ಈ ಖರ್ಚು ಕಲ್ಲಿದ್ದಲು ಇಲ್ಲವೇ ಗ್ಯಾಸಿನ ಉಳಿತಾಯದಲ್ಲೇ ಮರಳಿ ಬರುವುದರಿಂದ ಮಾಲೀಕರು ಹಿಂದೆಮುಂದೆ ನೋಡಬೇಕಾದ ಕಾರಣವೇ ಇಲ್ಲ.

ಸಣ್ಣ ಶಾಖವೂ ಲೆಕ್ಕಕ್ಕೆ ಬರುತ್ತದೆ ಎಂಬುದಕ್ಕೆ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳೇ ಸಾಕ್ಷಿ. ಅಲ್ಲಿ ಹೊಲಿಗೆ ಯಂತ್ರಗಳ ಸೂಜಿಯ ಮೇಲಿದ್ದ ಹಳೆಯ ದೀಪಗಳನ್ನು ವಿದ್ಯುತ್ ಉಳಿತಾಯಕ್ಕೆಂದು ತೆಗೆದು ಎಲ್‌ಇಡಿ ಹಾಕಿದರು. ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನ್ಯಾಷಧಂ ಎಂಬ ಅರ್ಥಶಾಸ್ತ್ರಜ್ಞರು ಆ ಕಾರ್ಖಾನೆಗಳ ದಾಖಲೆ ಜಾಲಾಡಿದಾಗ, ಎಲ್‌ಇಡಿ ಬಂದ ಮೇಲೆ ಬಿಸಿ ದಿನಗಳಲ್ಲಿ ಕೆಲಸದ ಇಳುವರಿ ಹೆಚ್ಚಿದ್ದು ಕಂಡಿತು. ಕೈಯ ಹತ್ತಿರ ಸುಡುತ್ತಿದ್ದ ದೀಪ ತಣ್ಣಗಾದದ್ದೇ ಕಾರಣ. ದೇಶದ ಕಾರ್ಖಾನೆಗಳನ್ನೆಲ್ಲ ಒಟ್ಟಾಗಿ ನೋಡಿದ ಇ. ಸೋಮನಾಥನ್ ಮತ್ತು ಸಂಗಡಿಗರ 2021ರ ಅಧ್ಯಯನದ ಪ್ರಕಾರ ವರ್ಷದ ತಾಪಮಾನ ಒಂದು ಡಿಗ್ರಿ ಏರಿದರೆ ಉತ್ಪಾದನೆ ಸುಮಾರು ಶೇ 2 ಕುಸಿಯುತ್ತದೆ.

ಇನ್ನು ಕೂಲರ್. ನಾಗಪುರದಲ್ಲಿ ಗೆದ್ದದ್ದನ್ನು ಡೊಂಬಿವಲಿಗೆ ತಂದು ಕೂರಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ನಾಗಪುರದ 43 ಡಿಗ್ರಿಯ ಒಣಗಾಳಿಯಲ್ಲಿ ಆರ್ದ್ರತೆ ಶೇ 15 ಇದ್ದಾಗ ಒಳ್ಳೆಯ ಕೂಲರ್ 27 ಡಿಗ್ರಿಯ ಗಾಳಿ ಕೊಡುತ್ತದೆ. ಡೊಂಬಿವಲಿಯ ಮೇ ತಿಂಗಳಲ್ಲಿ ಅದೇ ಯಂತ್ರ 35ನ್ನು 30ಕ್ಕಷ್ಟೇ ಇಳಿಸಬಲ್ಲದು, ಆ ಗಾಳಿಯೂ ನೀರು ತುಂಬಿ ಭಾರವಾಗಿರುತ್ತದೆ. ಬಾಗಿಲು ಕಿಟಕಿ ತೆರೆದು ಹಳೆ ಗಾಳಿಯನ್ನು ಹೊರದೂಡಿದರೆ ಕೂಲರಿನ ಮುಂದೆ ನಿಂತವರಿಗೆ ಅಷ್ಟಿಷ್ಟು ಹಿತ. ಮುಚ್ಚಿದ ಶೆಡ್ಡಿನಲ್ಲಿ ಅದೇ ಗಾಳಿಯನ್ನು ಮತ್ತೆ ಮತ್ತೆ ತಿರುಗಿಸಿದರೆ ತೇವ ಏರುತ್ತಾ ಹೋಗಿ ಬೆವರು ಆರುವುದೇ ನಿಂತುಬಿಡುತ್ತದೆ. ಮಾರ್ಚ್‌ನ ಒಣ ದಿನಗಳಿಗೆ ಮಾತ್ರ ಅದು ನಿಜವಾದ ನೆರವು.

ಅದೇ ನೀರನ್ನು ಸೂರಿನ ಮೇಲೆ ಗೋಣಿತಟ್ಟಿಗೆ ಹನಿಸಿದರೆ ಫಲ ಬೇರೆ. 60 ಡಿಗ್ರಿ ಕಾದ ಶೀಟಿನ ಮೇಲೆ ಎಂಥ ಸೆಕೆಯ ದಿನವೂ ನೀರು ಆವಿಯಾಗುತ್ತದೆ, ಆವಿಯೆಲ್ಲ ಆಕಾಶಕ್ಕೆ ಹೋಗುತ್ತದೆಯೇ ಹೊರತು ಕಾರ್ಮಿಕರ ಗಾಳಿಗೆ ಸೇರುವುದಿಲ್ಲ. ಬೇಸಿಗೆಯಲ್ಲಿ ನೀರಿನ ಬರವಿರುವ ಊರಿನಲ್ಲಿ ಕುಡಿಯುವ ನೀರನ್ನು ಇದಕ್ಕೆ ಬಳಸುವುದು ತರವಲ್ಲ. ಬಣ್ಣ ಬಳಿದ ಸೂರಿಗೆ ಅದರ ಅಗತ್ಯವೂ ಅಷ್ಟಾಗಿ ಇಲ್ಲ.

ಮುಂದಿನದು ಗಾಳಿ. ಬಿಸಿಗಾಳಿ ತಾನಾಗಿ ಮೇಲೇರುತ್ತದೆ, ದಾರಿ ಕೊಟ್ಟರೆ ಹೊರಹೋಗುತ್ತದೆ. ಆರು ಮೀಟರ್ ಎತ್ತರದ ಶೆಡ್ಡಿನ ನೆತ್ತಿಯಲ್ಲಿ ಒಂದು ಚದರ ಮೀಟರ್ ಕಂಡಿ, ಕೆಳಗೆ ಅಷ್ಟೇ ದೊಡ್ಡ ಕಂಡಿ ಇದ್ದು, ಒಳಗೂ ಹೊರಗೂ ಐದು ಡಿಗ್ರಿ ಅಂತರವಿದ್ದರೆ ವಿದ್ಯುತ್ತಿಲ್ಲದೆ ಗಂಟೆಗೆ ಎರಡು ಸಾವಿರ ಘನ ಮೀಟರ್ ಗಾಳಿ ಬದಲಾಗುತ್ತದೆ. ಸೂರಿನ ಮೇಲೆ ಗಿರಗಿರ ತಿರುಗುವ ಟರ್ಬೊ ವೆಂಟಿಲೇಟರುಗಳನ್ನು ಎಲ್ಲೆಡೆ ಕಾಣಬಹುದು. ಆದರೆ ಕೆಳಗಿನ ಕಿಟಕಿಗಳಿಗೆ ಅಡ್ಡಲಾಗಿ ಡ್ರಮ್ಮು, ಥಾನುಗಳನ್ನು ಒಟ್ಟಿದ್ದರೆ ಅವು ತಿರುಗಿಯೂ ಪ್ರಯೋಜನವಿಲ್ಲ. ಒಳಬರುವ ದಾರಿ ಮುಚ್ಚಿದ ಮೇಲೆ ಹೊರಹೋಗುವುದಾದರೂ ಏನು? ಕಿಟಕಿಯ ಮುಂದಿನ ಸರಕು ಸರಿಸುವುದಕ್ಕೆ ಒಂದು ಪೈಸೆಯೂ ಬೇಡ.

ಮೈಮೇಲೆ ಹಾಯುವ ಫ್ಯಾನ್ ಗಾಳಿ ಕರಾವಳಿಯ ಸೆಕೆಗೆ ಒಳ್ಳೆಯ ಮದ್ದು, ಚರ್ಮಕ್ಕೆ ಅಂಟಿದ ತೇವವನ್ನು ಅದು ಒಯ್ಯುತ್ತದೆ. 1948ರ ಕಾರ್ಖಾನೆ ಕಾಯ್ದೆಯ 13ನೇ ಕಲಂ ಗಾಳಿ, ತಾಪಮಾನದ ಹೊಣೆಯನ್ನು ಮಾಲೀಕರ ಮೇಲಿಟ್ಟಿತ್ತು. ಅದರಡಿ ರೂಪುಗೊಂಡ ನಿಯಮ ಕೆಲಸದ ಕೋಣೆಯಲ್ಲಿ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಒದ್ದೆ ಬಲ್ಬ್ 30 ಡಿಗ್ರಿ ಮೀರಬಾರದು, ಗಾಳಿ ನಿಮಿಷಕ್ಕೆ 30 ಮೀಟರ್ ಆದರೂ ಚಲಿಸಬೇಕು ಎಂದಿತು. ಬರೆದವರು ಒದ್ದೆ ಬಲ್ಬನ್ನೇ ಅಳತೆಗೋಲು ಮಾಡಿಕೊಂಡದ್ದು ಎಷ್ಟು ಸರಿ! ಆದರೂ ಗೋಡೆಗೆ ಒದ್ದೆ ಬಲ್ಬ್ ತೂಗುಹಾಕಿದ ಸಣ್ಣ ಕಾರ್ಖಾನೆ ಅಪರೂಪ.

ರಾಸಾಯನಿಕ ಘಟಕಗಳಲ್ಲಿ ಫ್ಯಾನ್ ಹಾಕುವುದೂ ಸುಲಭವಲ್ಲ. 2016ರ ಮೇ 26ರಂದು ಮತ್ತು 2024ರ ಮೇ 23ರಂದು ಭೀಕರ ಸ್ಫೋಟಗಳನ್ನು ಕಂಡ ವಸಾಹತು ಇದು. ದ್ರಾವಕದ ಆವಿ ಇರುವಲ್ಲಿ ಸಾಮಾನ್ಯ ಮೋಟಾರಿನ ಒಂದು ಕಿಡಿ ಸಾಕು, ಅಲ್ಲಿ ಕಿಡಿ ಹೊರಬಿಡದ ಫ್ಲೇಮ್‌ಪ್ರೂಫ್ ಫ್ಯಾನೇ ಬೇಕು. ರಬ್ಬರ್ ಕೈಗವಸು, ಏಪ್ರನ್, ಮುಖವಾಡ ತೊಟ್ಟವರ ಬೆವರು ಒಳಗೇ ಉಳಿಯುತ್ತದೆ. ಆವಿ ದಾಟಲಾರದ ಪೂರ್ಣ ಉಡುಪು ಹಾಕಿದರೆ ಸುತ್ತಲಿನ ಶಾಖದ ಲೆಕ್ಕಕ್ಕೆ ಸುಮಾರು 10 ಡಿಗ್ರಿ ಕೂಡಿಸಿಕೊಳ್ಳಬೇಕು ಎನ್ನುತ್ತದೆ ಔದ್ಯೋಗಿಕ ಆರೋಗ್ಯಶಾಸ್ತ್ರ. ಇಂಥವರಿಗೆ ಚಿಕ್ಕ ಪಾಳಿ, ಪ್ರತಿ ಸಲ ಉಡುಪು ಕಳಚಿ ಫ್ಯಾನಿನಡಿ ಕೂರುವ ಬಿಡುವು ಬೇಕೇ ಬೇಕು. ಆ ಬಿಡುವಿನಲ್ಲಿ ಮುಂಗೈಗಳನ್ನು ತಣ್ಣೀರಿನ ಬಕೆಟ್ಟಿನಲ್ಲಿ ಹತ್ತು ಹದಿನೈದು ನಿಮಿಷ ಮುಳುಗಿಸಿಟ್ಟರೆ ಅಂಗೈಯಲ್ಲಿ ಹರಿಯುವ ರಕ್ತ ತಣಿದು ಇಡೀ ದೇಹ ತಣಿಯುತ್ತದೆ. ಅಗ್ನಿಶಾಮಕ ದಳಗಳು ಬಳಸುವ ವಿಧಾನವಿದು.

ನೀರು ಬಾಯಾರುವ ಮೊದಲೇ ಕುಡಿಯಬೇಕು, ಕಾಲು ಗಂಟೆಗೋ ಇಪ್ಪತ್ತು ನಿಮಿಷಕ್ಕೋ ಒಂದು ಲೋಟ. ದಿನವಿಡೀ ಬೆವರುವವರಿಗೆ ಉಪ್ಪೂ ಬೇಕು. ಕರ್ನಾಟಕ ಸಂಘ ಕಟ್ಟಿಕೊಂಡು ತಲೆಮಾರುಗಳಿಂದ ಡೊಂಬಿವಲಿಯಲ್ಲಿ ನೆಲೆಸಿದ ಕನ್ನಡಿಗರಿಗೂ ತುಳುವರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರಿನ ಪುನರ್ಪುಳಿಯೇ ಇಲ್ಲಿ ಕೋಕಂ, ಉಪ್ಪು ಹಾಕಿದ ಮಜ್ಜಿಗೆ ಎರಡೂ ಕಡೆ ಒಂದೇ.

2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರ್ಘರದಲ್ಲಿ ಬಯಲಿನಲ್ಲಿ ನಡೆದ ಪ್ರಶಸ್ತಿ ಸಮಾರಂಭದಲ್ಲಿ ಬಿಸಿಲಿಗೆ ಕೂತಿದ್ದವರಲ್ಲಿ 14 ಮಂದಿ ತೀರಿಕೊಂಡರು. ಅಂದಿನ ಗರಿಷ್ಠ ತಾಪಮಾನ 38ರ ಸುಮಾರು. ಅವರು ದುಡಿಯುತ್ತಿರಲಿಲ್ಲ, ಬರಿದೆ ಕೂತಿದ್ದರು. ಶೆಡ್ಡಿನಲ್ಲಿ ಯಾರಾದರೂ ತಡವರಿಸಿ ಮಾತಾಡಿದರೆ, ದಿಕ್ಕು ತಪ್ಪಿದವರಂತೆ ನಡೆದರೆ, ಅದು ಆಯಾಸವಲ್ಲ, ಶಾಖಾಘಾತ ಎಂದೇ ತಿಳಿದು ಆಂಬುಲೆನ್ಸಿಗೆ ಕರೆ ಮಾಡಿ, ಅದು ಬರುವವರೆಗೆ ಕಾಯದೆ ಅಲ್ಲೇ ಮೈಗೆ ತಣ್ಣೀರು ಸುರಿಯುತ್ತಾ ಗಾಳಿ ಹಾಕಬೇಕು. ಮೊದಲು ತಣಿಸುವುದು, ಆಮೇಲೆ ಸಾಗಿಸುವುದು.

ಹೆಚ್ಚು ಅಪಾಯ ಹೊಸಬರಿಗೆ, ಮತ್ತು ರಜೆ ಮುಗಿಸಿ ಮರಳಿದವರಿಗೆ. ದೇಹ ಸೆಕೆಗೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಒಗ್ಗಿದ ಮೈ ಬೇಗ ಬೆವರುತ್ತದೆ, ಬೆವರಿನಲ್ಲಿ ಹೋಗುವ ಉಪ್ಪನ್ನು ಉಳಿಸಿಕೊಳ್ಳುತ್ತದೆ. ಕೆಲಸ ಬಿಟ್ಟು ಊರಿನಲ್ಲಿ ಕೆಲವು ವಾರ ಕಳೆದರೆ ಆ ಕಲಿಕೆ ಅಳಿಯುತ್ತದೆ. ಮದುವೆ, ಜಾತ್ರೆ ಮುಗಿಸಿ ಜೂನ್ ಮೊದಲ ವಾರ ಕಲಬುರಗಿಯಿಂದಲೋ ಉಡುಪಿಯಿಂದಲೋ ಉತ್ತರ ಪ್ರದೇಶದಿಂದಲೋ ಜನ ಮರಳುವ ಹೊತ್ತಿಗೆ ಮಳೆ ಇನ್ನೂ ಬಂದಿರುವುದಿಲ್ಲ, ತೇವ ಮಾತ್ರ ತುಂಬಿರುತ್ತದೆ. ಹೊಸಬರಿಗೆ ಮೊದಲ ದಿನ ಐದನೇ ಒಂದು ಪಾಲು ಕೆಲಸ, ಆಮೇಲೆ ದಿನಕ್ಕೆ ಅಷ್ಟಷ್ಟೇ ಏರಿಕೆ. ಹಳಬರು ಮರಳಿದರೆ ಮೊದಲ ದಿನ ಅರ್ಧ, ನಾಲ್ಕನೇ ದಿನಕ್ಕೆ ಪೂರ್ತಿ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಗಳು ಹಾಕಿಕೊಟ್ಟ ಈ ಪಟ್ಟಿಯನ್ನು ಸೂಪರ್‌ವೈಸರ್ ತನ್ನ ಹಾಜರಿ ಪುಸ್ತಕದ ಮೊದಲ ಪುಟಕ್ಕೇ ಅಂಟಿಸಿಕೊಳ್ಳಬಹುದು. ಮರಳಿದವರನ್ನು ಆ ನಾಲ್ಕು ದಿನ ಸ್ಟೆಂಟರಿನ ಬಾಯಲ್ಲಿ ನಿಲ್ಲಿಸದೆ ಮಡಿಕೆ, ಪ್ಯಾಕಿಂಗ್ ಕಡೆಗೆ ಹಾಕಿ, ಪಕ್ಕದಲ್ಲಿ ಹಳೆಯ ಕೈಯೊಂದನ್ನು ಜೊತೆ ಕೊಡಬಹುದು.